ಕಡತ ಕೈಗೆ ಬಂದ ಮೇಲೆ: ಸ್ಥಳೀಯ ಆಡಳಿತ ಮತ್ತು ಮಾಹಿತಿ ಹಕ್ಕಿನ ಮೂರು ದಶಕ

ಮಾಹಿತಿ ಹಕ್ಕಿನ ಚರಿತ್ರೆಯನ್ನು 2005ರ ಅಕ್ಟೋಬರ್ 12ರಿಂದ ಶುರು ಮಾಡುವುದು ವಾಡಿಕೆ. ಕೇಂದ್ರದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದ ದಿನ ಅದು. ಕರ್ನಾಟಕದವರಿಗೆ ಆ ವಾಡಿಕೆ ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ವಿಧಾನಮಂಡಲ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ನಿಯಮಗಳು ಬಂದು 2002ರಲ್ಲಿ ಅದು ಬಳಕೆಗೂ ಸಿಕ್ಕಿತು. ಆದರೆ ಆ ಇಸವಿಯನ್ನೂ ಮೊದಲು ಎನ್ನುವಂತಿಲ್ಲ. ಬೇರು ಹುಡುಕುತ್ತ ಹೋದರೆ ಕೈಗೆ ಸಿಗುವುದು ಬರಗಾಲದ ಕಾಮಗಾರಿಯಲ್ಲಿ ದುಡಿದವರ ಹಾಜರಿ ಪಟ್ಟಿ ಮತ್ತು ಪಂಚಾಯಿತಿಯ ಬಿಲ್ಲು.

ಈ ಹುಟ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಮೂವತ್ತು ವರ್ಷಗಳ ಏರಿಳಿತ ಬೇರೆ ರೀತಿ ಕಾಣುತ್ತದೆ. ದಾಖಲೆ ಕೇಳಿ ಪಡೆಯುವ ದಾರಿ ಕಾನೂನಾಗಿ ಗಟ್ಟಿಯಾಯಿತು. ಪಡೆದ ದಾಖಲೆಯನ್ನು ಊರೆದುರು ಓದಿ, ಬರೆದವರಿಂದಲೇ ಉತ್ತರ ಕೇಳುವ ಏರ್ಪಾಡು ಮಾತ್ರ ಹಿಂದೆ ಬಿತ್ತು. ಗ್ರಾಮ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗಳ ಹೊಣೆಗಾರಿಕೆಯ ಪ್ರಶ್ನೆ ಸಿಕ್ಕಿಕೊಂಡಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಹೊರಗಿನ ಕತೆಯನ್ನು ಬೇಗ ಮುಗಿಸಬಹುದು. ಸರ್ಕಾರಿ ಕಾಗದಪತ್ರ ನೋಡುವ ಹಕ್ಕನ್ನು ಮೊದಲು ಕಾನೂನು ಮಾಡಿದ್ದು ಸ್ವೀಡನ್, 1766ರಲ್ಲಿ. ಅದರ ಹಿಂದೆ ಇದ್ದವನು ಆಂಡರ್ಸ್ ಶೀಡೇನಿಯಸ್ ಎಂಬ ಪಾದ್ರಿ. ಅಮೆರಿಕ ಅದಕ್ಕೆ ಸರಿಯಾಗಿ ಇನ್ನೂರು ವರ್ಷ ತಡವಾಗಿ, 1966ರಲ್ಲಿ, ಫೆಡರಲ್ ಇಲಾಖೆಗಳಿಗಷ್ಟೇ ಅನ್ವಯಿಸುವ ಕಾನೂನು ತಂದಿತು. ಅಲ್ಲಿನ ಊರು, ಕೌಂಟಿಗಳ ದಾಖಲೆ ಬೇಕಾದರೆ ಆಯಾ ರಾಜ್ಯದ ಕಾನೂನಿಗೆ ಹೋಗಬೇಕು. ಕ್ಯಾಲಿಫೋರ್ನಿಯಾದ್ದು 1968ರದು. ಬ್ರಿಟನ್ ಮಾತ್ರ ಕೆಳಗಿನಿಂದ ಶುರು ಮಾಡಿತು: ಸ್ಥಳೀಯ ಕೌನ್ಸಿಲ್‌ಗಳ ಸಭೆ ಮತ್ತು ಕಾಗದಪತ್ರಗಳನ್ನು 1985ರ ಕಾಯ್ದೆಯಿಂದ ತೆರೆದು, ಇಡೀ ಸರ್ಕಾರಕ್ಕೆ ಅನ್ವಯಿಸುವ ಕಾನೂನನ್ನು 2000ದಲ್ಲಿ ಮಾಡಿತು. ಭಾರತದ 2005ರ ಕಾಯ್ದೆಯ ವ್ಯಾಪ್ತಿ ಅಗಲ. ರಾಷ್ಟ್ರಪತಿಗಳ ಸಚಿವಾಲಯಕ್ಕೂ ಚಾಮರಾಜನಗರದ ಒಂದು ಗ್ರಾಮ ಪಂಚಾಯಿತಿಗೂ ಒಂದೇ ಕಾನೂನು, ಒಂದೇ ಮೂವತ್ತು ದಿನದ ಗಡುವು.

ಅದಕ್ಕೂ ಮುಂಚೆ ನಮ್ಮಲ್ಲಿ ಏನೂ ಇರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. 1872ರ ಸಾಕ್ಷ್ಯ ಅಧಿನಿಯಮದ 76ನೇ ಸೆಕ್ಷನ್ ಪ್ರಕಾರ, ನೋಡುವ ಹಕ್ಕಿರುವ ಸಾರ್ವಜನಿಕ ದಸ್ತಾವೇಜಿನ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಪಡೆಯಬಹುದಿತ್ತು. ತಾಲ್ಲೂಕು ಕಚೇರಿಯಲ್ಲಿ ನಕಲು ತೆಗೆಸುವ ಪರಿಪಾಠ ನಮ್ಮ ರೈತರಿಗೆ ತಲೆಮಾರುಗಳಿಂದ ಗೊತ್ತು. ಆದರೆ ‘ನೋಡುವ ಹಕ್ಕಿರುವ’ ಎಂಬ ಷರತ್ತೇ ಅಲ್ಲಿನ ಗಂಟು. ತನ್ನ ಜಮೀನಿನ ಪಹಣಿ ಕೇಳಬಹುದು, ಊರಿನ ಚರಂಡಿಯ ಬಿಲ್ಲು ಕೇಳುವಂತಿರಲಿಲ್ಲ. ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳು. ಗೂಢಚರ್ಯೆ ತಡೆಯಲು ಬ್ರಿಟಿಷರು ಮಾಡಿದ ಆ ಕಾನೂನು ಪಂಚಾಯಿತಿ ಕಾರ್ಯದರ್ಶಿಯ ಬೀರುವಿಗೆ ನೇರವಾಗಿ ಅನ್ವಯಿಸದಿದ್ದರೂ, ಕಾಗದ ಮುಚ್ಚಿಡುವುದೇ ಕರ್ತವ್ಯ ಎಂಬ ಸ್ವಭಾವವನ್ನು ಕಚೇರಿಗಳಿಗೆ ಕಲಿಸಿತ್ತು. 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಆಮೇಲೆ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಏನು ಮಾಡುತ್ತಿದೆ ಎಂದು ತಿಳಿಯುವುದು ಪ್ರಜೆಯ ಹಕ್ಕು ಎಂದು ಹೇಳಿದ್ದವು. ಹಕ್ಕು ತೀರ್ಪಿನಲ್ಲಿತ್ತು, ಅರ್ಜಿ ಯಾರಿಗೆ ಕೊಡಬೇಕು, ಕೊಡದಿದ್ದರೆ ಏನು ಮಾಡಬೇಕು ಎಂಬುದು ಎಲ್ಲೂ ಇರಲಿಲ್ಲ.

ಅದನ್ನು ತೋರಿಸಿಕೊಟ್ಟವರು ರಾಜಸ್ಥಾನದ ಕೂಲಿಗಳು. ಐಎಎಸ್ ಬಿಟ್ಟು ಬಂದಿದ್ದ ಅರುಣಾ ರಾಯ್, ಜೊತೆಗೆ ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ದೇವಡುಂಗ್ರಿ ಎಂಬ ಹಳ್ಳಿಯಲ್ಲಿ ನೆಲೆಸಿ, 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. ಅವರ ಮೊದಲ ಜಗಳ ಕನಿಷ್ಠ ಕೂಲಿಯದು. ಬರ ಪರಿಹಾರದ ಕೆಲಸದಲ್ಲಿ ದಿನವಿಡೀ ಮಣ್ಣು ಹೊತ್ತವರಿಗೆ ನಿಗದಿಯಾದ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ನೀವು ಅಳತೆಗೆ ತಕ್ಕಷ್ಟು ಕೆಲಸ ಮಾಡಿಲ್ಲ, ಪುಸ್ತಕದಲ್ಲಿ ಹಾಗೇ ಇದೆ ಎಂಬ ಉತ್ತರ. ಪುಸ್ತಕ ತೋರಿಸಿ ಎಂದರೆ, ಅದು ಸರ್ಕಾರಿ ದಾಖಲೆ, ತೋರಿಸುವಂತಿಲ್ಲ. ಹಸಿವಿನ ಪ್ರಶ್ನೆ ಕಾಗದದ ಪ್ರಶ್ನೆಯಾದದ್ದು ಹೀಗೆ. ಇದನ್ನು ನಗರದ ವಿದ್ಯಾವಂತರ ಹಕ್ಕು ಎಂದು ಈಗಲೂ ಹೀಗಳೆಯುವವರಿಗೆ ಈ ಹಿನ್ನೆಲೆ ಗೊತ್ತಿದ್ದಂತಿಲ್ಲ.

1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬಲ್ಲಿ ಮೊದಲ ಜನಸುನ್ವಾಯಿ ನಡೆಯಿತು. ಬಯಲಿನಲ್ಲಿ ಒಂದು ಡೇರೆ, ಒಂದು ಮೈಕು. ಹೇಗೋ ದೊರಕಿಸಿಕೊಂಡ ಹಾಜರಿ ಪಟ್ಟಿ, ಬಿಲ್ಲು, ವೋಚರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುವುದು. ಹೆಸರಿದ್ದವರು ಎದ್ದು ನಿಂತು ಹೌದು ಅಥವಾ ಇಲ್ಲ ಅನ್ನುವುದು. ತೀರಿಹೋದವರ ಹೆಸರಿನಲ್ಲಿ ಕೂಲಿ ಬಟವಾಡೆಯಾಗಿತ್ತು, ಊರು ಬಿಟ್ಟವರು ಕಾಗದದಲ್ಲಿ ಗುದ್ದಲಿ ಹಿಡಿದಿದ್ದರು, ಇಲ್ಲದ ಕಟ್ಟಡಕ್ಕೆ ಹಣ ಹೋಗಿತ್ತು. ಓದು ಬಾರದವರೂ ಅಲ್ಲಿ ಲೆಕ್ಕ ಪರಿಶೋಧಕರಾದರು. ಏಕೆಂದರೆ ಸಾಮಾನ್ಯ ಆಡಿಟ್ ನೋಡುವುದು ವೋಚರಿಗೂ ನಗದು ಪುಸ್ತಕಕ್ಕೂ ತಾಳೆಯಾಗುತ್ತದೆಯೇ ಎಂದು. ಆ ಎರಡನ್ನೂ ಬರೆದ ಕೈ ಒಂದೇ ಆದರೆ ತಾಳೆಯಾಗದೆ ಇನ್ನೇನು? ಕಾಗದವನ್ನು ನೆಲದ ಜೊತೆ ತಾಳೆ ಹಾಕಿದ್ದು ಆ ಸಭೆಯ ಹೊಸತನ.

ಮುಂದಿನದು ಗೊತ್ತಿರುವ ಕತೆ. ಅಭಿವೃದ್ಧಿ ಕಾಮಗಾರಿಗಳ ದಾಖಲೆಯ ನಕಲು ಕೊಡುತ್ತೇವೆ ಎಂದು ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ 1995ರಲ್ಲಿ ಸದನದಲ್ಲಿ ಹೇಳಿದರು, ಆದೇಶ ಹೊರಬೀಳಲಿಲ್ಲ. 1996ರ ಏಪ್ರಿಲ್‌ನಲ್ಲಿ ಸಂಘಟನೆಯವರು ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ಕೂತರು. ಅದೇ ವರ್ಷ ದೆಹಲಿಯಲ್ಲಿ ರಾಷ್ಟ್ರೀಯ ಅಭಿಯಾನ ರೂಪುಗೊಂಡಿತು, ನ್ಯಾಯಮೂರ್ತಿ ಪಿ.ಬಿ. ಸಾವಂತ್ ನೇತೃತ್ವದಲ್ಲಿ ಪ್ರೆಸ್ ಕೌನ್ಸಿಲ್ ಒಂದು ಕರಡು ಸಿದ್ಧಪಡಿಸಿತು. ಕೇಂದ್ರ ಮೀನಮೇಷ ಎಣಿಸುತ್ತಿದ್ದಾಗ ರಾಜ್ಯಗಳು ಮುಂದೆ ಹೋದವು: 1997ರಲ್ಲಿ ತಮಿಳುನಾಡು ಮತ್ತು ಗೋವಾ, 2000ದಲ್ಲಿ ರಾಜಸ್ಥಾನ ಮತ್ತು ಕರ್ನಾಟಕ, 2001ರಲ್ಲಿ ದೆಹಲಿ, 2002ರಲ್ಲಿ ಅಣ್ಣಾ ಹಜಾರೆಯವರ ಒತ್ತಡದಿಂದ ಬಿಗಿಯಾದ ಮಹಾರಾಷ್ಟ್ರದ ಕಾಯ್ದೆ. ದೆಹಲಿಯ ಸುಂದರ್ ನಗರಿಯಲ್ಲಿ 2002ರ ಕೊನೆಗೆ ‘ಪರಿವರ್ತನ್’ ಸಂಸ್ಥೆ ನಗರಪಾಲಿಕೆಯ ಕಾಮಗಾರಿ ದಾಖಲೆಗಳನ್ನು ಬೀದಿಯಲ್ಲಿ ಓದಿಸಿದಾಗ, ಹಳ್ಳಿಯ ಪಾಠ ನಗರದಲ್ಲೂ ನಡೆಯುತ್ತದೆ ಎಂದು ಸಾಬೀತಾಯಿತು. ಕಾಗದದಲ್ಲಿದ್ದ ಕೈಪಂಪುಗಳು ಬೀದಿಯಲ್ಲಿರಲಿಲ್ಲ. ಸಂಸತ್ತು 2002ರಲ್ಲಿ ಅಂಗೀಕರಿಸಿದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಾದರೋ ಜಾರಿಯ ಅಧಿಸೂಚನೆಯೇ ಇಲ್ಲದೆ ಕಪಾಟಿನಲ್ಲೇ ಉಳಿಯಿತು.

ಕರ್ನಾಟಕ: ಸಭೆ ಇತ್ತು, ಕಾಗದ ಇರಲಿಲ್ಲ

ನಮ್ಮ ಕತೆ ಇನ್ನೊಂದು ತುದಿಯಿಂದ ಬರುತ್ತದೆ. ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾನೂನಿನಿಂದ ಹಿಡಿದು 1993ರ ಪಂಚಾಯತ್ ರಾಜ್ ಅಧಿನಿಯಮದವರೆಗೆ ಇಲ್ಲಿ ಸಭೆಗೆ ಕೊರತೆ ಇರಲಿಲ್ಲ. ಗ್ರಾಮಸಭೆ ಇತ್ತು, ಆಮೇಲೆ ವಾರ್ಡ್ ಸಭೆ ಬಂತು. ಆದರೆ ಆ ಸಭೆಗಳು ಹೆಚ್ಚಾಗಿ ಫಲಾನುಭವಿಗಳ ಆಯ್ಕೆಗೆ ಸೇರಿದವು; ಮನೆ ಯಾರಿಗೆ ಎಂಬ ಜಗಳದಲ್ಲಿ ಕಳೆದ ವರ್ಷದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆ ಮುಳುಗಿತು. ನಡವಳಿ ಪುಸ್ತಕಕ್ಕೆ ಸಹಿ ಮನೆಮನೆಗೆ ಹೋಗಿ ಹಾಕಿಸಿಕೊಂಡ ಸಭೆಗಳೂ ಕಡಿಮೆಯೇನಲ್ಲ.

ಕಾಗದ ಮತ್ತು ಸಭೆ ಎರಡನ್ನೂ ಒಂದೇ ದಿನ ಕೂಡಿಸುವ ಏರ್ಪಾಡು ನಮ್ಮಲ್ಲಿ ಬಂದದ್ದು ಗ್ರಾಮ ಪಂಚಾಯಿತಿ ಜಮಾಬಂದಿಯ ರೂಪದಲ್ಲಿ. ಕಂದಾಯ ಇಲಾಖೆಯ ಹಳೆಯ ಹೆಸರನ್ನು ಇಲ್ಲಿ ಹೊಸ ಕೆಲಸಕ್ಕೆ ಹಚ್ಚಿದರು: ವರ್ಷಕ್ಕೊಮ್ಮೆ ತಾಲ್ಲೂಕಿನಿಂದ ಬಂದ ಅಧಿಕಾರಿಗಳ ತಂಡದೆದುರು ಪಂಚಾಯಿತಿಯ ನಗದು ಪುಸ್ತಕ, ವೋಚರು, ಕಾಮಗಾರಿ ಕಡತಗಳನ್ನು ಜನರಿಗೆ ತೆರೆದಿಟ್ಟು, ಆಮೇಲೆ ಕಾಮಗಾರಿ ನಡೆದ ಜಾಗಕ್ಕೇ ನಡೆದುಕೊಂಡು ಹೋಗಿ ನೋಡುವುದು. ಕಲ್ಪನೆಯಲ್ಲಿ ಇದು ಜನಸುನ್ವಾಯಿಯ ಸರ್ಕಾರಿ ತಮ್ಮ. ನಡೆದ ರೀತಿ ಊರಿಂದ ಊರಿಗೆ ಬೇರೆ. ಡಂಗುರ ಸಾರಿಸಿ, ಲೆಕ್ಕವನ್ನು ಮುಂಚಿತವಾಗಿ ಗೋಡೆಗೆ ಬರೆಸಿದ ಕಡೆ ಜನ ಬಂದು ಪ್ರಶ್ನೆ ಕೇಳಿದರು. ಉಳಿದ ಕಡೆ ಅದು ಚಹಾ, ಬಿಸ್ಕತ್ತು, ಸಹಿಯ ಕಾರ್ಯಕ್ರಮವಾಯಿತು.

ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಇನ್ನೊಂದು ಬಗೆಯ ಪ್ರಯೋಗ ನಡೆಯುತ್ತಿತ್ತು. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಿಂದ ನಾಗರಿಕರ ‘ರಿಪೋರ್ಟ್ ಕಾರ್ಡ್’ ಹೊರತಂದು ಪಾಲಿಕೆ, ಜಲಮಂಡಳಿ, ಬಿಡಿಎಗಳಿಗೆ ಅಂಕ ಕೊಡುತ್ತಿತ್ತು. ಎಸ್.ಎಂ. ಕೃಷ್ಣ ಸರ್ಕಾರದ ಕಾಲದಲ್ಲಿ, 1999ರಲ್ಲಿ ಹುಟ್ಟಿದ ಬೆಂಗಳೂರು ಅಜೆಂಡಾ ಕಾರ್ಯಪಡೆ ಮಹಾನಗರ ಪಾಲಿಕೆಯ ಲೆಕ್ಕಪತ್ರ ಪದ್ಧತಿಯನ್ನೇ ಬದಲಿಸಲು ಕೈಹಾಕಿತು. 2002ರಲ್ಲಿ ಕೆಲವು ನಾಗರಿಕ ಸಂಸ್ಥೆಗಳು ಸೇರಿ ‘ಪ್ರೂಫ್’ ಎಂಬ ಅಭಿಯಾನ ನಡೆಸಿ, ಪಾಲಿಕೆಯ ಮೂರು ತಿಂಗಳಿಗೊಮ್ಮೆಯ ಲೆಕ್ಕವನ್ನು ಸಾರ್ವಜನಿಕ ಸಭೆಯಲ್ಲಿ ಚರ್ಚಿಸಿದವು. ಕಂಪನಿಯ ಷೇರುದಾರರ ಸಭೆಯ ಮಾದರಿ ಅದು. ಇಂಗ್ಲಿಷ್ ಬಲ್ಲ ಮಧ್ಯಮವರ್ಗ ಹೆಚ್ಚಾಗಿ ಬಂತು. ಆದರೂ ಪಾಲಿಕೆಯ ಆಯವ್ಯಯವನ್ನು ಸಾಮಾನ್ಯ ನಾಗರಿಕ ಓದಬಹುದು ಎಂಬ ಧೈರ್ಯ ಮೊದಲು ಬಂದದ್ದು ಅಲ್ಲಿಂದ.

ಇವುಗಳ ಜೊತೆಗೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನೂ ಇಡಬೇಕು. ಕೆಟಿಪಿಪಿ ಎಂದು ಗುತ್ತಿಗೆದಾರರ ನಾಲಿಗೆಯಲ್ಲಿರುವ ಈ ಕಾನೂನು ಟೆಂಡರಿಗೆ ಒಂದು ಕ್ರಮ ಕಟ್ಟಿಕೊಟ್ಟಿತು. ಕ್ರಮ ಇದ್ದರೆ ತಾನೇ ಕ್ರಮ ತಪ್ಪಿದ್ದು ಕಾಣುವುದು. ಕಡತ ಕೇಳುವವನಿಗೆ ಯಾವ ಕಾಗದ ಇರಲೇಬೇಕು ಎಂದು ಮೊದಲೇ ಗೊತ್ತಾಗುವಂತಾದದ್ದು ಈ ಕಾನೂನಿನ ಉಪಕಾರ. ಇದನ್ನು ಮಾಹಿತಿ ಹಕ್ಕಿನ ಚರ್ಚೆಗಳಲ್ಲಿ ಯಾರೂ ನೆನೆಯುವುದಿಲ್ಲ.

2000ದ ಕರ್ನಾಟಕ ಕಾಯ್ದೆ ಬಾಳಿದ್ದು ಅಲ್ಪ ಕಾಲ. ಅದರಡಿ ಸ್ವತಂತ್ರ ಮಾಹಿತಿ ಆಯೋಗ ಇರಲಿಲ್ಲ. ಆದರೂ ‘ಕ್ರಿಯಾ ಕಟ್ಟೆ’ಯಂಥ ಬೆಂಗಳೂರಿನ ನಾಗರಿಕ ವೇದಿಕೆಗಳು ಅದನ್ನು ಬಳಸಿ ಕೈ ಪಳಗಿಸಿಕೊಂಡವು. ಕೇಂದ್ರದ ಕಾಯ್ದೆ ಬಂದಾಗ ಇಲ್ಲಿ ಅರ್ಜಿ ಬರೆಯಬಲ್ಲವರ ಒಂದು ತಲೆಮಾರು ತಯಾರಿತ್ತು.

ಹತ್ತು ರೂಪಾಯಿಯ ಅರ್ಜಿ

2005ರ ಕಾಯ್ದೆ ಕೊಟ್ಟದ್ದೇನು ಎಂಬುದನ್ನು ಒಂದು ಚರಂಡಿಯ ಉದಾಹರಣೆಯಿಂದ ಹೇಳುವುದು ಸುಲಭ. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ. ಪಂಚಾಯಿತಿಯಾದರೆ ಅರ್ಜಿ ಹೋಗುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಎರಡನೆಯದು ರಾಜ್ಯ ಮಾಹಿತಿ ಆಯೋಗಕ್ಕೆ. ಅನುಭವಿ ಅರ್ಜಿದಾರ ‘ಚರಂಡಿ ಯಾಕೆ ಕಳಪೆಯಾಗಿದೆ’ ಎಂದು ಕೇಳುವುದಿಲ್ಲ. ಯಾಕೆ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಇರುವುದಿಲ್ಲ. ಅವನು ಕ್ರಿಯಾ ಯೋಜನೆಯ ಪ್ರತಿ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು ಕೇಳುತ್ತಾನೆ. ಇವುಗಳಲ್ಲಿ ರಾಜನೆಂದರೆ ಅಳತೆ ಪುಸ್ತಕ, ಎಂಜಿನಿಯರುಗಳ ಬಾಯಲ್ಲಿ ‘ಎಂ.ಬಿ.’. ಉದ್ದ, ಅಗಲ, ಆಳ ಎಲ್ಲವೂ ಅದರಲ್ಲಿ, ಸಹಿಯ ಸಮೇತ. ಟೇಪು ಹಿಡಿದು ಬೀದಿಗೆ ಇಳಿದರೆ ಸಾಕು. ಕಾಯ್ದೆಯ 2(ಜೆ) ಸೆಕ್ಷನ್ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕನ್ನೂ ಕೊಡುತ್ತದೆ. ರಸ್ತೆಯ ಡಾಂಬರಿನ ತುಣುಕನ್ನು ಮಾಹಿತಿ ಎಂದು ಕರೆದ ಕಾನೂನು ಇದು. ಈ ಭಾಗವನ್ನು ಬಳಸುವವರು ವಿರಳ, ನನಗೆ ಇದು ಸೋಜಿಗ.

ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅಧಿಕಾರಿಯ ಸ್ವಂತ ಜೇಬಿನಿಂದ. ಸರ್ಕಾರದ ವಿರುದ್ಧದ ದಂಡಗಳೆಲ್ಲ ಕೊನೆಗೆ ತೆರಿಗೆದಾರನ ತಲೆಗೇ ಬರುವ ನಾಡಿನಲ್ಲಿ ಇದು ಕ್ರಾಂತಿಕಾರಿ ಸೆಕ್ಷನ್. 2006ರಲ್ಲಿ ಕಡತದ ಟಿಪ್ಪಣಿ ಹಾಳೆಗಳನ್ನು ಹೊರಗಿಡಲು ಕೇಂದ್ರ ಸಂಪುಟ ಯತ್ನಿಸಿ, ದೇಶದಾದ್ಯಂತ ಎದ್ದ ವಿರೋಧಕ್ಕೆ ಮಣಿಯಿತು. ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಅದು ದೊಡ್ಡ ಗೆಲುವು. ಪುರಸಭೆಯ ಕಟ್ಟಡ ಪರವಾನಗಿಯಲ್ಲಿ ಅಂತಿಮ ಆದೇಶ ಯಾವಾಗಲೂ ಚೊಕ್ಕಟ; ಯಾರು ಬೇಡ ಎಂದಿದ್ದರು, ಯಾರ ಷರಾ ಬಂದ ಮೇಲೆ ಬೇಕು ಆಯಿತು ಎಂಬುದೆಲ್ಲ ಇರುವುದು ಟಿಪ್ಪಣಿ ಹಾಳೆಯಲ್ಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಕರ್ನಾಟಕದ ನಿಯಮಗಳು ಒಳ್ಳೆಯ ಟೀಕೆ. 2008ರ ತಿದ್ದುಪಡಿಯ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಮಹಾರಾಷ್ಟ್ರ, ಬಿಹಾರಗಳಲ್ಲೂ ಇಂಥ ನಿಯಮ ಬಂತು. ಕೇಂದ್ರ ಸರ್ಕಾರ 2012ರಲ್ಲಿ ತನ್ನ ಕಚೇರಿಗಳಿಗೆ 500 ಪದಗಳ ಮಿತಿ ಹಾಕಿತಾದರೂ ಪದ ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ 150ರಲ್ಲಿ ಸಾಕಷ್ಟು ಹೇಳಬಹುದು ಎಂದು ಯಾರಾದರೂ ಸಮಾಧಾನ ಪಟ್ಟುಕೊಳ್ಳಬಹುದು. ನಿಜವಾದ ತೊಡಕು ‘ಒಂದೇ ವಿಷಯ’ ಎಂಬುದರಲ್ಲಿದೆ. ಒಂದು ವಾರ್ಡಿನ ಹತ್ತು ಕಾಮಗಾರಿ ಒಂದು ವಿಷಯವೋ ಹತ್ತು ವಿಷಯವೋ? ತೀರ್ಮಾನ ಮೇಜಿನ ಆಚೆ ಕೂತವರದು. ಹಾಗೆ ಬರುವ ಹಿಂಬರಹಗಳಲ್ಲಿ ಕೆಲವು ಮಾದರಿಗಳು ರಾಜ್ಯವಿಡೀ ಒಂದೇ: ‘ಕೋರಿರುವ ಮಾಹಿತಿ ಸ್ಪಷ್ಟವಾಗಿರುವುದಿಲ್ಲ’, ‘ಖುದ್ದಾಗಿ ಹಾಜರಾಗಿ ಕಡತ ಪರಿಶೀಲಿಸಬಹುದು’, ಎಲ್ಲಕ್ಕಿಂತ ಪ್ರಸಿದ್ಧವಾದ ‘ಕಡತ ಲಭ್ಯವಿರುವುದಿಲ್ಲ’.

ಇಲ್ಲವಾದ ಕಡತದ ಪ್ರಶ್ನೆಗೆ ದೆಹಲಿ ಹೈಕೋರ್ಟ್ 2013ರ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಖಡಕ್ಕಾಗಿ ಉತ್ತರಿಸಿತು. ಕಡತ ಸಿಗುತ್ತಿಲ್ಲ ಎಂಬುದು ಕಾಯ್ದೆ ಒಪ್ಪುವ ವಿನಾಯಿತಿ ಅಲ್ಲ. ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಯಾರದೆಂದು ನಿಗದಿ ಮಾಡಬೇಕು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2010ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಬಂದಿತ್ತು. ಹಾಗಿದ್ದೂ ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿ ವರ್ಗವಾದಾಗ ದಾಖಲೆಗಳ ಚಾರ್ಜ್ ಪಟ್ಟಿ ಪೂರ್ತಿಯಾಗದೆ ಉಳಿಯುವುದು ಸಾಮಾನ್ಯ. ಕಳೆದುಹೋಯಿತು ಎನ್ನುವುದರಲ್ಲಿ ಎಷ್ಟು ಕಳ್ಳತನ, ಎಷ್ಟು ಬರೀ ಗೆದ್ದಲು ಎಂದು ಬೇರ್ಪಡಿಸುವುದು ಕಷ್ಟ.

ನ್ಯಾಯಾಲಯಗಳಿಂದ ಬಂದದ್ದೆಲ್ಲ ಅರ್ಜಿದಾರರ ಪರವಾಗಿರಲಿಲ್ಲ. 2011ರ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದ ತೀರ್ಪು ಬರೆದವರು ನಮ್ಮ ಹೈಕೋರ್ಟಿನಿಂದ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ವಿದ್ಯಾರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕು ಕೊಟ್ಟ ಅದೇ ತೀರ್ಪು, ಕಚೇರಿಯಲ್ಲಿ ಇರುವ ಮಾಹಿತಿ ಕೊಟ್ಟರೆ ಸಾಕು, ಹೊಸದಾಗಿ ಸಿದ್ಧಪಡಿಸಿ ಕೊಡಬೇಕಿಲ್ಲ ಎಂದಿತು. ಸರ್ಕಾರಿ ನೌಕರರು ದಿನದ ಬಹುಪಾಲು ಅರ್ಜಿಗಳಿಗೆ ಉತ್ತರ ಬರೆಯುತ್ತ ಕೂರುವಂತಾಗಬಾರದು ಎಂಬ ಎಚ್ಚರಿಕೆಯನ್ನೂ ಸೇರಿಸಿತು. ಆ ಒಂದು ಮಾತನ್ನು ಆಮೇಲೆ ಹಿಂಬರಹಗಳಲ್ಲಿ ಉಲ್ಲೇಖಿಸಿದಷ್ಟು ಇಡೀ ತೀರ್ಪನ್ನು ಯಾರೂ ಉಲ್ಲೇಖಿಸಲಿಲ್ಲ. 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ನೌಕರನ ಸೇವಾ ದಾಖಲೆ, ಆಸ್ತಿ ವಿವರ ವೈಯಕ್ತಿಕವೆನಿಸಿತು. 2013ರಲ್ಲಿ ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣ, ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘಗಳನ್ನು ಕಾಯ್ದೆಯ ಹೊರಗಿಟ್ಟಿತು. ಹಳ್ಳಿಯಲ್ಲಿ ಪಂಚಾಯಿತಿಗಿಂತ ಸೊಸೈಟಿಯೇ ದೊಡ್ಡದು ಎಂದು ಬಲ್ಲವರಿಗೆ ಇದರ ಪೆಟ್ಟು ಅರ್ಥವಾಗುತ್ತದೆ.

ಒಂಟಿ ಅರ್ಜಿದಾರ

ಕಾಯ್ದೆ ಹಕ್ಕನ್ನು ಕೊಟ್ಟದ್ದು ವ್ಯಕ್ತಿಗೆ. ಕಾರಣ ಕೇಳುವಂತಿಲ್ಲ, ಸಂಘಟನೆ ಬೇಕಿಲ್ಲ, ಯಾರ ಶಿಫಾರಸೂ ಬೇಡ. ಇದರಿಂದ ಒಳ್ಳೆಯದೇ ಆಯಿತು. ಜೊತೆಗೆ ಇನ್ನೊಂದೂ ಆಯಿತು. ಬಯಲಿನ ಸಭೆಯಲ್ಲಿ ನೂರಾರು ಜನರ ನಡುವೆ ಓದುತ್ತಿದ್ದ ಕಾಗದ ಈಗ ಅಂಚೆಯಲ್ಲಿ ಒಬ್ಬನ ಮನೆಗೆ ಬರತೊಡಗಿತು. ಆ ಒಬ್ಬನನ್ನು ಹೆದರಿಸುವುದು ಸುಲಭ, ಕೊಳ್ಳುವುದೂ ಸುಲಭ.

ಹೆದರಿಕೆಗೆ ಬಗ್ಗದವರ ಪಟ್ಟಿ ನೋವಿನದು. ಜಾರ್ಖಂಡಿನ ಪಲಾಮುವಿನಲ್ಲಿ ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಗೆ ಸಿದ್ಧತೆ ನಡೆಸುತ್ತಿದ್ದ ಲಲಿತ್ ಮೆಹ್ತಾ 2008ರಲ್ಲಿ ಕೊಲೆಯಾದರು. ಪುಣೆ ಬಳಿ ಭೂ ಹಗರಣಗಳನ್ನು ಬಯಲಿಗೆಳೆದಿದ್ದ ಸತೀಶ್ ಶೆಟ್ಟಿ 2010ರ ಜನವರಿಯಲ್ಲಿ. ಬೆಂಗಳೂರಿನಲ್ಲೂ 2012ರ ನವೆಂಬರಿನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತರೊಬ್ಬರನ್ನು ಕೊಂದರು. ಇವರಲ್ಲಿ ಹೆಚ್ಚಿನವರು ಕೇಳಿದ್ದು ದೆಹಲಿಯ ದೊಡ್ಡ ರಹಸ್ಯಗಳನ್ನಲ್ಲ. ತಮ್ಮ ತಾಲ್ಲೂಕಿನ ಭೂಮಿ, ತಮ್ಮ ವಾರ್ಡಿನ ಕಾಮಗಾರಿ. ದೆಹಲಿಯ ಕಾರ್ಯದರ್ಶಿಗೆ ಅರ್ಜಿ ಹಾಕಿದವನ ಮನೆ ಗೊತ್ತಿರುವುದಿಲ್ಲ. ಪಂಚಾಯಿತಿಗೆ ಅರ್ಜಿ ಹಾಕಿದರೆ ಸಂಜೆಯೊಳಗೆ ಗುತ್ತಿಗೆದಾರನ ಭಾವಮೈದುನ ಬಾಗಿಲಲ್ಲಿ ನಿಂತಿರುತ್ತಾನೆ.

ಕೊಳ್ಳಲು ಸಿಕ್ಕವರ ಕತೆಯನ್ನೂ ಮರೆಮಾಚಬೇಕಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ, ಕಾರಿನ ಗಾಜಿನ ಮೇಲೆ ‘ಆರ್‌ಟಿಐ ಕಾರ್ಯಕರ್ತ’ ಎಂದು ಬರೆಸಿಕೊಂಡು, ಅರ್ಜಿ ಹಾಕಿ, ರೇಟು ಕುದುರಿಸಿ, ಅರ್ಜಿ ಹಿಂಪಡೆಯುವ ಒಂದು ವೃತ್ತಿಯೇ ತಾಲ್ಲೂಕು ಕೇಂದ್ರಗಳಲ್ಲಿ ಬೆಳೆದಿದೆ. ಪಿಡಿಒಗಳ ಗೋಳು ಪೂರ್ತಿ ಸುಳ್ಳಲ್ಲ: ಒಬ್ಬನೇ ಹತ್ತಾರು ಪಂಚಾಯಿತಿಗಳಿಗೆ ಒಂದೇ ನಮೂನೆಯ ಅರ್ಜಿ ಹಾಕಿ, ಐದು ವರ್ಷದ ಎಲ್ಲ ವೋಚರು ಕೇಳುತ್ತಾನೆ. ಕರ್ನಾಟಕ ಮಾಹಿತಿ ಆಯೋಗ ಇತ್ತೀಚಿನ ವರ್ಷಗಳಲ್ಲಿ ಇಂಥ ಕೆಲವರನ್ನು ಕಪ್ಪುಪಟ್ಟಿಗೆ ಸೇರಿಸುವ ಆದೇಶಗಳನ್ನು ಹೊರಡಿಸಿದೆ. ಕಾಯ್ದೆಯಲ್ಲಿ ಅಂಥ ಅಧಿಕಾರ ನನಗಂತೂ ಕಾಣುವುದಿಲ್ಲ. ಬ್ಲ್ಯಾಕ್‌ಮೇಲ್ ನಡೆಯಬೇಕಾದರೆ ಮುಚ್ಚಿಡಬೇಕಾದದ್ದು ಏನಾದರೂ ಇರಬೇಕು ಮತ್ತು ಕಾಗದ ಒಬ್ಬನ ಕೈಯಲ್ಲಷ್ಟೇ ಇರಬೇಕು. ಅದೇ ವೋಚರನ್ನು ಪಂಚಾಯಿತಿ ತಾನೇ ಗೋಡೆಗೆ ಅಂಟಿಸಿದ್ದರೆ ಮಾರಾಟಕ್ಕೆ ಸರಕು ಎಲ್ಲಿತ್ತು?

ಆಯೋಗದ ಬಾಗಿಲಲ್ಲಿ ಸಾಲು ಉದ್ದ. ಬೆಳಗಾವಿ, ಕಲಬುರಗಿಗಳಲ್ಲಿ ಪೀಠ ತೆರೆದ ಮೇಲೂ ಬಾಕಿ ಮೇಲ್ಮನವಿಗಳು ಹತ್ತಾರು ಸಾವಿರ. ಬಿಲ್ಲು ಪಾವತಿಯಾಗಿ, ಎಂಜಿನಿಯರ್ ನಿವೃತ್ತರಾಗಿ, ಚರಂಡಿ ಮತ್ತೊಮ್ಮೆ ಅಗೆದಾದ ಮೇಲೆ ಬರುವ ಆದೇಶದಿಂದ ಹೊಣೆಗಾರಿಕೆ ಹುಟ್ಟುವುದಿಲ್ಲ. ಆಯುಕ್ತರ ಹುದ್ದೆ ಖಾಲಿ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ಹೇಳಿತು; ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಆಯುಕ್ತರ ಅವಧಿ, ಸಂಬಳಗಳನ್ನು ನಿಗದಿ ಮಾಡುವ ಅಧಿಕಾರವನ್ನು, ರಾಜ್ಯ ಆಯೋಗಗಳದ್ದೂ ಸೇರಿ, ಕೇಂದ್ರ ಸರ್ಕಾರಕ್ಕೆ ಕೊಟ್ಟಿತು.

ದಾಖಲೆ ಕೇಳುವ ಹಕ್ಕಿನಿಂದಷ್ಟೇ ಎಲ್ಲವೂ ಹೊರಬರುತ್ತದೆ ಎಂಬ ನಂಬಿಕೆಗೆ ಬಿಬಿಎಂಪಿಯೇ ಉತ್ತರ. ಮಲ್ಲೇಶ್ವರ, ರಾಜರಾಜೇಶ್ವರಿ ನಗರ, ಗಾಂಧಿನಗರ ವಿಭಾಗಗಳ ಕಾಮಗಾರಿ ಬಿಲ್ಲುಗಳಲ್ಲಿ ಅಕ್ರಮ ಎಂದು 2011ರಲ್ಲಿ ಎದ್ದ 1,539 ಕೋಟಿ ರೂಪಾಯಿಯ ಪ್ರಕರಣದಲ್ಲಿ ನಿರ್ಣಾಯಕವಾದದ್ದು ಪಾಲಿಕೆಯದೇ ತಾಂತ್ರಿಕ ಜಾಗೃತ ಕೋಶದ ವರದಿ. ಕಡತ ತೆರೆಯುವ ಅಧಿಕಾರವಿದ್ದ, ಅಂದಾಜು ಪಟ್ಟಿ ಓದಲು ಬಲ್ಲ ಎಂಜಿನಿಯರುಗಳು ಒಳಗಿದ್ದರು. ಆ ಬಿಬಿಎಂಪಿ 2025ರಲ್ಲಿ ಒಡೆದು ಐದು ಪಾಲಿಕೆಗಳಾಗಿದೆ. ಹಳೆಯ ಕಾಮಗಾರಿಯ ಕಡತ ಯಾವ ಪಾಲಿಕೆಯ ಯಾವ ಕೋಣೆಯಲ್ಲಿದೆ ಎಂಬುದು ಇನ್ನು ಕೆಲವು ವರ್ಷ ಅರ್ಜಿದಾರರಿಗೆ ಒಳ್ಳೆಯ ಕಸರತ್ತು.

ಕಣಜಗಳ ಕಾಲ

ಕಾಯ್ದೆಯ 4ನೇ ಸೆಕ್ಷನ್ ಆರಂಭದಿಂದಲೇ ಹೇಳುತ್ತಿದ್ದುದು, ಕೇಳುವ ಮೊದಲೇ ಪ್ರಕಟಿಸಿ ಎಂದು. ಹದಿನೇಳು ಬಗೆಯ ವಿವರ, 120 ದಿನದೊಳಗೆ. ಬಹಳ ಕಚೇರಿಗಳು ಒಮ್ಮೆ ಪುಸ್ತಿಕೆ ಅಚ್ಚು ಮಾಡಿಸಿ ಮರೆತವು. ತಂತ್ರಾಂಶ ಬಂದ ಮೇಲೆ ಚಿತ್ರ ಬದಲಾಯಿತು. ಪಂಚಾಯಿತಿ ಲೆಕ್ಕಕ್ಕೆ ‘ಪಂಚತಂತ್ರ’, ಆಸ್ತಿ ದಾಖಲೆಗೆ ‘ಇ-ಸ್ವತ್ತು’, ಕಾಮಗಾರಿಗೆ ‘ಗಾಂಧಿ ಸಾಕ್ಷಿ ಕಾಯಕ’. ರಾಜಸ್ಥಾನ 2019ರಲ್ಲಿ ಜನ್ ಸೂಚನಾ ಪೋರ್ಟಲ್ ತೆರೆಯಿತು. ಅದರ ಬೆನ್ನಿಗೇ ಕರ್ನಾಟಕದ ‘ಮಾಹಿತಿ ಕಣಜ’ ಬಂತು. ಪಡಿತರ, ಪಿಂಚಣಿ, ಬೆಳೆ ಪರಿಹಾರ ಯಾರಿಗೆ ಹೋಯಿತೆಂದು ಗ್ರಾಮವಾರು ನೋಡಬಹುದು, ಅರ್ಜಿ ಬೇಡ, ಹತ್ತು ರೂಪಾಯಿಯೂ ಬೇಡ. ಅದಕ್ಕೂ ಮೊದಲೇ, 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಇನ್ನೊಂದು ಹೊರೆ ಇಳಿಸಿತ್ತು: ನನ್ನ ಖಾತೆ ಯಾಕಾಗಿಲ್ಲ ಎಂದು ಕೇಳಲು ಮಾಹಿತಿ ಹಕ್ಕಿನ ಮೊರೆ ಹೋಗುತ್ತಿದ್ದವರಿಗೆ ಬೇರೆ ದಾರಿ ಸಿಕ್ಕಿತು.

ಆದರೆ ಪರದೆಯ ಮೇಲೆ ಕಾಣುವುದು ಅಧಿಕಾರಿ ತುಂಬಿದ ಕೋಷ್ಟಕ. ಅಳತೆ ಪುಸ್ತಕದ ಪುಟ, ಟಿಪ್ಪಣಿ ಹಾಳೆಯ ಷರಾ ಅಲ್ಲಿಲ್ಲ. ಕೋಷ್ಟಕವನ್ನು ನೆಲದ ಜೊತೆ ತಾಳೆ ಹಾಕುವ ಕೆಲಸಕ್ಕೆ 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯ ಮಾಡಿತ್ತು. ಇದನ್ನು ಶ್ರದ್ಧೆಯಿಂದ ಮಾಡಿದ್ದು ಆಂಧ್ರಪ್ರದೇಶ. ಕೆಲಸ ಮಾಡಿಸುವ ಇಲಾಖೆಯಿಂದ ದೂರವಿಟ್ಟ ಪ್ರತ್ಯೇಕ ಸಂಸ್ಥೆ, ಹಳ್ಳಿಯ ಯುವಕರಿಗೇ ತರಬೇತಿ, ಮನೆಮನೆಗೆ ಹೋಗಿ ಹಾಜರಿ ಪಟ್ಟಿಯ ಹೆಸರು ಕೇಳುವುದು, ಕೊನೆಗೆ ಮಂಡಲ ಮಟ್ಟದ ಬಹಿರಂಗ ಸಭೆ. ಬೀದಿಯ ಜನಸುನ್ವಾಯಿ ಸರ್ಕಾರಿ ವೇಳಾಪಟ್ಟಿಗೆ ಬಂದದ್ದು ಹೀಗೆ. ಕರ್ನಾಟಕವೂ ಸಾಮಾಜಿಕ ಪರಿಶೋಧನಾ ನಿರ್ದೇಶನಾಲಯ ಕಟ್ಟಿತು. ಪತ್ತೆಯಾದ ಮೊತ್ತದಲ್ಲಿ ವಸೂಲಾದದ್ದು ಎಲ್ಲ ಕಡೆಯೂ ಅಲ್ಪವೇ. ಸಭೆ ಇತ್ತು, ಕಾಗದವೂ ಇತ್ತು. ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸುವ ಕೈ ಮಾತ್ರ ಇಲಾಖೆಯದೇ ಆಗಿತ್ತು.

ಈಗಿನ ದೊಡ್ಡ ತಿರುವು ಇನ್ನೊಂದು ಕಡೆಯಿಂದ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ನನ್ನು ಮೊಟಕು ಮಾಡಿತು. ಮೊದಲಿನ ಮಾತು ಅಳೆದು ತೂಗಿ ಬರೆದದ್ದು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು, ವಿನಾಯಿತಿ. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ದತ್ತಾಂಶ ಇಟ್ಟುಕೊಂಡವರ ಮೇಲಿನ ಬಹುಪಾಲು ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿತು. ಮಾಹಿತಿ ಹಕ್ಕಿಗೆ ಬಿದ್ದ ಕತ್ತರಿಗೆ ಒಂದು ದಿನದ ಅವಕಾಶವೂ ಇರಲಿಲ್ಲ.

ಸ್ಥಳೀಯ ಆಡಳಿತದ ದಾಖಲೆ ಎಂದರೆ ಬಹುಮಟ್ಟಿಗೆ ಹೆಸರುಗಳ ಪಟ್ಟಿ: ಮನೆ ಮಂಜೂರಾದವರು, ಕೂಲಿ ಪಡೆದವರು, ಗುತ್ತಿಗೆ ಹಿಡಿದವರು, ಪಿಂಚಣಿ ಬರುತ್ತಿರುವವರು. ಅದೇ ಕಾಯ್ದೆಯ 4(1)(ಬಿ) ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ ಪ್ರಕಟಿಸಿ ಎಂದು ಈಗಲೂ ಹೇಳುತ್ತದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ವಿನಾಯಿತಿ ಇದ್ದರೂ ಕೊಡಬಹುದು ಎನ್ನುವ 8(2) ಕೂಡ ಉಳಿದಿದೆ. ಆದರೆ ಆ ಹಿತವನ್ನು ಮೊದಲು ತೂಗಬೇಕಾದವರು ಪಿಡಿಒ. ಒಂದು ಕಡೆ, ಕೊಡದಿದ್ದರೆ ಎಂದೋ ಒಂದು ದಿನ ಆಯೋಗ ಹಾಕಬಹುದಾದ 25,000 ರೂಪಾಯಿ ದಂಡ. ಇನ್ನೊಂದು ಕಡೆ, 250 ಕೋಟಿ ರೂಪಾಯಿವರೆಗೆ ದಂಡದ ಮಾತಾಡುವ ಹೊಸ ಕಾನೂನು. ಮನೆ ಹಂಚಿಕೆಯ ಪಟ್ಟಿ ಕೇಳಿದ ಅರ್ಜಿಗೆ ‘ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲು ಬರುವುದಿಲ್ಲ’ ಎಂಬ ಹಿಂಬರಹ ಬರೆಯಲು ಎರಡು ನಿಮಿಷ ಸಾಕು. ಅದರ ವಿರುದ್ಧದ ಮೇಲ್ಮನವಿ ಆಯೋಗದ ಸಾಲಿನಲ್ಲಿ ತನ್ನ ಸರದಿಗೆ ಕಾಯಬೇಕು, ಪಟ್ಟಿಯಲ್ಲಿರುವ ಮನೆಗಳಿಗೆ ಅಷ್ಟರಲ್ಲಿ ತಾರಸಿ ಬಿದ್ದಿರುತ್ತದೆ.